ಬಸಿದ ನೀರು, ಬಚ್ಚಲ ನೀರು

‘ಈ ಬಚ್ಚಲ ನೀರೆಲ್ಲ ಎಲ್ಲಿಗೆ ಹೋಯ್ತದೆ?’

ಎಂಬತ್ತು ದಾಟಿದ ಅಮ್ಮ ಈ ಪ್ರಶ್ನೆ ಕೇಳಿದ್ದು 2024ರ ಮಾರ್ಚ್ ತಿಂಗಳಿನಲ್ಲಿ. ಬೆಂಗಳೂರು ನೀರಿಲ್ಲದೆ ಬಾಯಿ ಬಿಡುತ್ತಿದ್ದ ಬೇಸಿಗೆ ಅದು. ನಮ್ಮ ಬೀದಿಯ ಕೊಳವೆಬಾವಿ ಶಿವರಾತ್ರಿಯ ಹೊತ್ತಿಗೇ ಕೆಸರು ಉಗುಳಿ ಸುಮ್ಮನಾಗಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ತಾಸೆರಡು ತಾಸು. ಟ್ಯಾಂಕರಿನವನಿಗೆ ಫೋನು ಮಾಡಿದರೆ ‘ನಾಳೆ ನೋಡೋಣ’ ಎನ್ನುತ್ತಿದ್ದ. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು.

ಆದೇಶ ತಪ್ಪೆಂದು ನನಗೆ ಅನ್ನಿಸಲಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ ತರುವ ನೀರನ್ನು, ಅದರಲ್ಲೂ ಪಕ್ಕದ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ನಿಂತಿರುವಾಗ, ಗುಲಾಬಿ ಬುಡಕ್ಕೆ ಸುರಿಯುವುದು ಯಾವ ನ್ಯಾಯ? ಆದರೆ ತೋಟ ಮಾಡುವವರ ಸಂಕಟ ತೋಟ ಮಾಡುವವರಿಗೇ ಗೊತ್ತು. ಬೆಳಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದರೆ ಜೋಲು ಮೋರೆ ಹಾಕಿಕೊಂಡ ಗಿಡಗಳು ಕಣ್ಣಿಗೆ ಬೀಳುತ್ತಿದ್ದವು. ಬಾಗಿಲು ಹಾಕಿಕೊಂಡು ಒಳಗೆ ಬಂದುಬಿಡುತ್ತಿದ್ದೆ.

ಆಗಲೇ ಅಮ್ಮ ಈ ಪ್ರಶ್ನೆ ಕೇಳಿದ್ದು. ‘ಇನ್ನೆಲ್ಲಿಗೆ? ಚರಂಡಿಗೆ’ ಎಂದೆ. ‘ಚರಂಡಿಯಿಂದ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ನಮ್ಮದು ನಗರದ ಪಶ್ಚಿಮ ಭಾಗ. ಇಲ್ಲಿನ ನೀರೆಲ್ಲ ಇಳಿಯುವುದು ವೃಷಭಾವತಿಯ ಕಡೆಗೆ. ದೊಡ್ಡಗಣಪತಿ, ಬಸವಣ್ಣನ ಗುಡಿಯ ಆಸುಪಾಸಿನಲ್ಲಿ ಹುಟ್ಟುವ ಆ ಹೊಳೆ ನಗರದ ಕೊಳೆ ಹೊತ್ತು ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯನ್ನು ಕೂಡಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಂದರೆ ಕಾವೇರಿಯಿಂದ ತಂದ ನೀರನ್ನು ನಾವು ಮೈ ತೊಳೆದು, ಪಾತ್ರೆ ತೊಳೆದು, ಕೊಳೆ ಮಾಡಿ ಕಾವೇರಿಗೇ ಮರಳಿಸುತ್ತಿದ್ದೇವೆ. ಸಾಲ ತೀರಿಸುವ ರೀತಿಯೇ ಇದು!

ಯಾರು ಉಳಿಯಬೇಕು?

ನಮ್ಮ ತೋಟವೆಂದರೆ ದೊಡ್ಡದೇನಲ್ಲ. ಮೂವತ್ತು-ನಲವತ್ತರ ಸೈಟು. ಹಿಂದೆ ಆರಡಿ ಅಗಲದ ಹಿತ್ತಲು. ಅಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಎರಡು ಬಾಳೆ, ಗೋಡೆಗೆ ಹಬ್ಬಿಸಿದ ಬಸಳೆ, ಮೂಲೆಯಲ್ಲಿ ಕೆಸು. ಮುಂದೆ ಗೇಟಿನ ಬಳಿ ಚಾಪೆಯಗಲದ ಹುಲ್ಲುಹಾಸು. ತಾರಸಿಯ ಮೇಲೆ ದೊಡ್ಡಪತ್ರೆ, ಚಕ್ರಮುನಿ, ಒಂದೆಲಗ, ಬದನೆ, ಮೆಣಸಿನಗಿಡ, ಜೊತೆಗೆ ಗುಲಾಬಿ, ಕ್ರೋಟನ್ನುಗಳ ಕುಂಡಗಳು.

ಒಂದು ಸಂಜೆ ಕಾಗದ ಪೆನ್ನು ಹಿಡಿದು ಕೂತು ಪಟ್ಟಿ ಮಾಡಿದೆ. ಮೊದಲು ಹೊಡೆದುಹಾಕಿದ್ದು ಹುಲ್ಲುಹಾಸು. ಅದು ಹತ್ತು ವರ್ಷ ನೀರು ಕುಡಿದು ಒಂದು ದಿನವೂ ಒಂದು ತುತ್ತು ಕೊಟ್ಟದ್ದಲ್ಲ. ಕ್ರೋಟನ್ನುಗಳನ್ನು ನೆರಳಿಗೆ ಸರಿಸಿದೆ. ನುಗ್ಗೆ, ಕರಿಬೇವು ಬೇರು ಆಳಕ್ಕಿಳಿಸಿದ ಗಟ್ಟಿಗರು, ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ದೊಡ್ಡಪತ್ರೆಯ ದಪ್ಪ ಎಲೆಯಲ್ಲೇ ನೀರಿರುತ್ತದೆ, ಅದಕ್ಕೂ ಭಯವಿಲ್ಲ. ಉಳಿದದ್ದು ಬಾಳೆ, ಕೆಸು, ಬಸಳೆ. ಮೂರೂ ನೀರಿನ ಪಿಶಾಚಿಗಳು. ಮನಸ್ಸು ಗಟ್ಟಿ ಮಾಡಿಕೊಂಡು ಬಸಳೆಯ ಹೆಸರಿನ ಮೇಲೂ ಗೀಟೆಳೆದೆ.

ಆ ಬಸಳೆ ಚನ್ನರಾಯಪಟ್ಟಣದ ಹತ್ತಿರದ ಊರಿನಿಂದ ಬಂದದ್ದು. ಊರ ಮನೆ ಮಾರುವ ದಿನ ಅಮ್ಮ ಹಿತ್ತಲಿಗೆ ಹೋಗಿ ಒಂದು ಗೇಣುದ್ದದ ಬಳ್ಳಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಇದು ನನಗೆ ನೆನಪಿರಲಿಲ್ಲವೆಂದಲ್ಲ. ನೀರಿರಲಿಲ್ಲ, ಅಷ್ಟೆ.

ಅಮ್ಮ ಏನೂ ಅನ್ನಲಿಲ್ಲ. ಆದರೆ ನಾಲ್ಕೈದು ದಿನಗಳಿಂದ ಬಸಳೆ ಬುಡ ಒದ್ದೆಯಾಗಿರುವುದನ್ನು ನೋಡಿ ನನಗೆ ಅನುಮಾನ ಬಂತು. ಕೇಳುವುದರೊಳಗೆ ಆಗಬಾರದ್ದು ಆಗಿಹೋಯಿತು. ಅವರು ಸ್ನಾನಕ್ಕೆ ದೊಡ್ಡ ಬೇಸಿನ್ನಿನಲ್ಲಿ ಕೂತು, ಮಿಂದ ನೀರನ್ನು ಬಕೆಟ್ಟಿಗೆ ತುಂಬಿ, ಯಾರೂ ಏಳುವ ಮೊದಲೇ ಹಿತ್ತಲಿಗೆ ಹೊತ್ತೊಯ್ಯುತ್ತಿದ್ದರಂತೆ. ಆ ದಿನ ಬಾಗಿಲಲ್ಲಿ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಣಿಕಟ್ಟು ಉಳುಕಿ ಮೂರು ವಾರ ಕೈಗೆ ಪಟ್ಟಿ.

ನಾನು ಹೆದರಿಕೆಗೆ ಬೈದೆ. ‘ಒಂದು ಬಳ್ಳಿಗೋಸ್ಕರ ಸೊಂಟ ಮುರಿದುಕೊಂಡಿದ್ದರೆ ಏನು ಗತಿಯಮ್ಮ?’ ಅವರು ಪಟ್ಟಿ ಕಟ್ಟಿದ ಕೈ ನೋಡಿಕೊಳ್ಳುತ್ತ, ‘ಬಳ್ಳಿಗೋಸ್ಕರ ಅಲ್ಲ ಕಣೆ, ನೀರು ಸುಮ್ಮನೆ ಹೋಯ್ತದಲ್ಲ ಅಂತ’ ಎಂದರು.

ನೀರಿನ ಲೆಕ್ಕ

ಮರುದಿನದಿಂದ ನಾನು ಮನೆಯ ನೀರನ್ನು ಅಳೆಯತೊಡಗಿದೆ. ನೀವೂ ಒಂದು ದಿನ ಅಳೆದು ನೋಡಿ, ತಮಾಷೆಯಾಗಿರುತ್ತದೆ. ಅಕ್ಕಿ, ಬೇಳೆ ತೊಳೆದದ್ದು ಮೂರು ಲೀಟರ್. ಸೊಪ್ಪು, ತರಕಾರಿ ತೊಳೆದದ್ದು ಎಂಟು. ನಾಲ್ಕು ಮಂದಿಯ ಸ್ನಾನ, ತಲೆಗೊಂದೇ ಬಕೆಟ್ ಎಂದರೂ ಎಪ್ಪತ್ತು, ಎಂಬತ್ತು ಲೀಟರ್. ಒಟ್ಟು ದಿನಕ್ಕೆ ತೊಂಬತ್ತರ ಸುಮಾರು. ನಗರವಾಸಿಗೆ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂದು ಸರ್ಕಾರಿ ಲೆಕ್ಕ. ನಮ್ಮ ಹಿತ್ತಲಿಗೋ ತೊಂಬತ್ತು ಲೀಟರ್ ಧಾರಾಳವಾಗಿ ಸಾಕಿತ್ತು. ಇಲ್ಲದಿದ್ದದ್ದು ನೀರಲ್ಲ, ದಾರಿ.

ಕೊಳಾಯಿ ಕೆಲಸದವರನ್ನು ಕರೆಸಿದೆ. ಕೆಳಗಿನ ಬಚ್ಚಲ ನೀರನ್ನು ಶೌಚದ ಪೈಪಿನಿಂದ ಬೇರೆ ಮಾಡಿ ಹಿತ್ತಲಿಗೆ ತಿರುಗಿಸಬೇಕು ಎಂದಾಗ ಆತ ನಕ್ಕು, ‘ಎಲ್ಲರೂ ನೀರು ಒಳಗೆ ತರೋಕೆ ಕರೀತಾರೆ ಮೇಡಂ, ನೀವು ಹೊರಗೆ ಬಿಡೋಕೆ ಕರೆದಿದ್ದೀರಿ’ ಎಂದ. ಅರ್ಧ ದಿನದ ಕೆಲಸ. ಪೈಪಿನ ಬಾಯಿಗೆ ಒಂದು ಹಳೆಯ ಡ್ರಮ್ಮು, ಅದರಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು. ಅಲ್ಲಿಂದ ಮುಂದೆ ಒಂದು ತೋಡು, ತೋಡಿನಗುಂಟ ಕ್ಯಾನಾ ಹೂವಿನ ಗಿಡ, ಕೆಸು. ಕೊನೆಗೆ ಬಾಳೆಯ ಗುಂಡಿ. ಇದು ಹೊಸ ತಂತ್ರಜ್ಞಾನವೇನಲ್ಲ. ನಮ್ಮೂರುಗಳಲ್ಲಿ ಬಚ್ಚಲ ಹಿಂದೆ ಬಾಳೆ, ಕೆಸು ಇಲ್ಲದ ಮನೆ ಯಾವುದಿತ್ತು? ನಗರಕ್ಕೆ ಬಂದು ಒಳಚರಂಡಿ ಕಂಡಾಗ ಅದನ್ನು ಮರೆತೆವು, ಅಷ್ಟೆ.

ಕೆಲವು ಎಚ್ಚರಿಕೆ ಮಾತ್ರ ಬೇಕು. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ ಉಪ್ಪು ಹೆಚ್ಚು, ಅದು ದಿನಾ ಬಿದ್ದರೆ ಮಣ್ಣು ಕೆಡುತ್ತದೆ. ನಾವು ಅದನ್ನು ಹಿತ್ತಲಿಗೆ ಬಿಡುವುದಿಲ್ಲ. ಆರ್‌ಒ ಫಿಲ್ಟರು ಹೊರಗೆ ಬಿಡುವ ನೀರೂ ಉಪ್ಪುಪ್ಪು, ಅದು ನೆಲ ಒರೆಸಲು ಸೈ, ಕುಂಡಕ್ಕೆ ಬೇಡ. ಬಚ್ಚಲ ನೀರನ್ನು ಎಲೆಗೆ ತಾಗಿಸದೆ ಬುಡಕ್ಕೇ ಬಿಡಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಒಂದೆಲಗಕ್ಕೆ ಹಾಕಲೇಬಾರದು. ಅವಕ್ಕೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು. ಬಚ್ಚಲ ನೀರನ್ನು ಒಂದು ದಿನಕ್ಕಿಂತ ಹೆಚ್ಚು ನಿಲ್ಲಿಸಿದರೆ ನಾತ ಬರುತ್ತದೆ, ಸೊಳ್ಳೆಯೂ ಬರುತ್ತದೆ.

ಇನ್ನೊಂದು ಪಾಠ ಕಲಿಸಿದ್ದು ಬೀದಿಯ ಹೊಂಗೆ ಮರ. ಬೇಸಿಗೆಯ ಆರಂಭದಲ್ಲಿ ಅದು ಎಲೆ ಉದುರಿಸುತ್ತದೆ. ಗುಡಿಸಿ ಬೆಂಕಿ ಹಾಕುವುದು ನಮ್ಮ ಬೀದಿಯ ರೂಢಿ. ನಾಲ್ಕು ಚೀಲ ತರಗು ಕೇಳಿ ತಂದು ಗಿಡಗಳ ಬುಡಕ್ಕೆ ಗೇಣೆತ್ತರ ಮುಚ್ಚಿದೆ. ದಿನಾ ನೀರು ಕೇಳುತ್ತಿದ್ದ ಬದನೆ ಎರಡು ದಿನಕ್ಕೊಮ್ಮೆ ಕೇಳತೊಡಗಿತು. ನೆರಳಿಲ್ಲದ ಮಣ್ಣು ಗಿಡಕ್ಕಿಂತ ಮೊದಲು ತಾನೇ ನೀರು ಕುಡಿದು ಬಿಸಿಲಿಗೆ ಒಪ್ಪಿಸುತ್ತದೆ ಎಂಬುದು ಆಗ ತಿಳಿಯಿತು.

ಎಮ್ಮೆ ಬತ್ತಿದ ಕಾಲ

ಇದೇ ಬೇಸಿಗೆಯಲ್ಲಿ ಮಗಳು ಒಂದು ಘೋಷಣೆ ಮಾಡಿದಳು. ‘ಅಜ್ಜಿ, ನಾನಿನ್ನು ವೀಗನ್.’

‘ಹಂಗಂದ್ರೇನು?’

‘ಮಾಂಸ, ಮೊಟ್ಟೆ ಇಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಇಲ್ಲ. ಬರೀ ಗಿಡದಿಂದ ಬಂದದ್ದು.’

ಅಮ್ಮ ಸ್ವಲ್ಪ ಯೋಚಿಸಿ, ‘ನಮ್ಮನೇಲಿ ಎಮ್ಮೆ ಬತ್ತಿದಾಗ ನಾವೆಲ್ಲ ಅದೇ ಆಗಿದ್ವಲ್ಲ ಮಗ’ ಎಂದರು!

ನಗು ಬಂದರೂ ಮಾತು ಸುಳ್ಳಲ್ಲ. ಹಬ್ಬಕ್ಕೆ ಮರಿ ಕಡಿಯುತ್ತಿದ್ದ ಮನೆ ನಮ್ಮದು, ವ್ರತ ಹಿಡಿದವರೇನಲ್ಲ. ಆದರೆ ವರ್ಷದ ಮುನ್ನೂರು ದಿನ ಮುದ್ದೆಯ ಪಕ್ಕ ಇರುತ್ತಿದ್ದದ್ದು ಸೊಪ್ಪು, ಕಾಳು. ಹುರುಳಿಕಾಳಿನ ಬಸ್ಸಾರು, ಹೆಸರುಕಾಳಿನ ಉಪ್ಸಾರು, ಅವರೆ ಕಾಲದಲ್ಲಿ ಅವರೆ, ಮಳೆಗಾಲದಲ್ಲಿ ಬೆರಕೆ ಸೊಪ್ಪಿನ ಮಸ್ಸೊಪ್ಪು. ಬೆರಕೆ ಸೊಪ್ಪನ್ನು ಯಾರೂ ಬಿತ್ತುತ್ತಿರಲಿಲ್ಲ. ರಾಗಿ ಹೊಲದಲ್ಲಿ ತಾನಾಗಿ ಏಳುವ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ, ಗೋಣಿಸೊಪ್ಪುಗಳನ್ನು ಕಳೆ ಕೀಳುವ ಹೆಂಗಸರು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದರು. ಹೊಲಕ್ಕೆ ಕಳೆಯಾದದ್ದು ಮನೆಗೆ ಸಾರು. ಅಗಲ ಎಲೆಯ ಕಳೆಗಳನ್ನೇ ಹುಡುಕಿ ಕೊಲ್ಲುವ ಕಳೆನಾಶಕ ಬಂದ ಮೇಲೆ ಎಷ್ಟೋ ಹೊಲಗಳಲ್ಲಿ ಈ ಸೊಪ್ಪುಗಳು ಸಿಗುವುದಿಲ್ಲ. ಸಿಕ್ಕರೂ ಔಷಧಿ ಹೊಡೆದ ಹೊಲದ ಸೊಪ್ಪನ್ನು ತಿನ್ನುವ ಧೈರ್ಯ ಯಾರಿಗಿದೆ?

ಮಗಳಿಗೆ ಈ ವಿಚಾರ ಹಿಡಿಸಿದ್ದು ನೀರಿನ ಲೆಕ್ಕದಿಂದಲೇ. ಜಗತ್ತಿನ ಸರಾಸರಿಯಲ್ಲಿ ಒಂದು ಕಿಲೋ ತರಕಾರಿ ಬೆಳೆಯಲು ಸುಮಾರು 300 ಲೀಟರ್ ನೀರು ಬೇಕು. ಒಂದು ಲೀಟರ್ ಹಾಲಿಗೆ 1,000. ಒಂದು ಕಿಲೋ ಅಕ್ಕಿಗೆ 2,500. ದನದ ಮಾಂಸಕ್ಕೆ 15,000 ಎಂದು ಅವಳು ಓದಿ ಹೇಳಿದಳು. ಮಳೆಯ ನೀರು, ಕಾಲುವೆಯ ನೀರು ಎಲ್ಲ ಸೇರಿಸಿದ ಲೆಕ್ಕ ಇದು. ಹಾಗಾಗಿ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು, ಆ ನೀರು ಎಲ್ಲಿಂದ ಬಂತೆಂದೂ ನೋಡಬೇಕು. ರಾಗಿ, ಹುರುಳಿ ಬಹುಪಾಲು ಮಳೆಗೇ ಬೆಳೆಯುತ್ತವೆ, ಭತ್ತ ಕಬ್ಬುಗಳಂತೆ ಕಾಲುವೆ ನೀರಿಗೆ ಕಾದು ನಿಲ್ಲುವುದಿಲ್ಲ. ಸೊಪ್ಪು ತಿಂದೂ ದಿನಕ್ಕೆ ಮೂರು ಹೊತ್ತು ಅನ್ನವನ್ನೇ ಉಂಡರೆ ನೀರು ಉಳಿಸಿದಂತಾಗಲಿಲ್ಲ ಎಂದು ಅವಳಿಗೆ ಹೇಳಿದೆ. ವಾರಕ್ಕೆ ನಾಲ್ಕು ದಿನ ಮುದ್ದೆ ಎಂದು ರಾಜಿಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗಲೂ ಮುದ್ದೆ ಮುಟ್ಟದ ಹುಡುಗಿ ಈಗ ಮುದ್ದೆ ಮುರಿಯುವುದನ್ನು ಕಲಿತಿದ್ದಾಳೆ.

ಹಾಲು ಬಿಟ್ಟರೆ ಸುಣ್ಣದಂಶಕ್ಕೆ ಏನು ಎಂಬ ನನ್ನ ಭಯಕ್ಕೂ ರಾಗಿಯೇ ಉತ್ತರ ಕೊಟ್ಟಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತಲು ಮೇಲೊಂದು ಹನಿ ನಿಂಬೆ ಬೇಕು, ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಆದರೆ ಬಿ12 ಜೀವಸತ್ವ ಸೊಪ್ಪು ತರಕಾರಿಗಳಲ್ಲಿ ಸಿಗುವುದಿಲ್ಲ. ಪೂರ್ತಿ ಹಾಲು ಬಿಟ್ಟವರು ವೈದ್ಯರನ್ನು ಕೇಳಿ ಅದನ್ನು ಬೇರೆಯಾಗಿಯೇ ತೆಗೆದುಕೊಳ್ಳಬೇಕು. ಮಗಳು ತೆಗೆದುಕೊಳ್ಳುತ್ತಿದ್ದಾಳೆ.

ಹಿತ್ತಲ ಗಿಡವೆಂದು ಕಣ್ಣು ಮುಚ್ಚಿ ತಿನ್ನುವುದೂ ಬೇಡ. ಚಕ್ರಮುನಿಯನ್ನು ‘ವಿಟಮಿನ್ ಸೊಪ್ಪು’ ಎಂದು ಹೊಗಳುತ್ತಾರೆ. ಪಲ್ಯಕ್ಕೆ, ಹುಳಿಗೆ ಹಿಡಿ ಹಾಕಿ ಬೇಯಿಸಿದರೆ ಒಳ್ಳೆಯದೇ. 1990ರ ದಶಕದ ನಡುವೆ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಹಲವರಿಗೆ ಶ್ವಾಸಕೋಶವೇ ಕೆಟ್ಟಿತು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ. ಹಿರಿಯರು ಎಲೆಯ ಜೊತೆಗೆ ಅದನ್ನು ತಿನ್ನುವ ಕ್ರಮವನ್ನೂ ಹೇಳಿಕೊಡುತ್ತಿದ್ದರು. ನಾವು ಎಲೆಯನ್ನಷ್ಟೇ ನೆನಪಿಟ್ಟುಕೊಂಡರೆ ಸಾಲದು.

ಬಸಿದದ್ದನ್ನು ಚೆಲ್ಲಬೇಡ

ಅಮ್ಮನ ಕೈಗೆ ಪಟ್ಟಿ ಇದ್ದ ದಿನಗಳಲ್ಲಿ ಅವರು ಕೂತು ಹೇಳುವುದು, ಮಗಳು ನಿಂತು ಮಾಡುವುದು ಎಂದಾಯಿತು. ಮೊದಲು ಕಲಿತದ್ದು ಬಸ್ಸಾರು. ನೀವೂ ಮಾಡಿ ನೋಡಿ. ಒಂದು ಲೋಟ ಹೆಸರುಕಾಳು ಅಥವಾ ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟು, ಕೀರೆ ಅಥವಾ ಬಸಳೆ ಹಾಕಿ, ಉಪ್ಪು ಸೇರಿಸಿ ಬೇಯಿಸಬೇಕು. ನೀರನ್ನು ಬೇರೆ ಪಾತ್ರೆಗೆ ಬಸಿಯಬೇಕು. ಇದೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಬೆಂದ ಕಾಳು ಸೊಪ್ಪಿನದೇ ಒಂದು ಹಿಡಿಯ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ.

ಮಗಳು ಮೊದಲ ದಿನ ಅಭ್ಯಾಸಬಲದಿಂದ ಕಟ್ಟನ್ನು ಸಿಂಕಿಗೆ ಬಸಿಯಲು ಹೋದಳು. ಶ್ಯಾವಿಗೆ, ನೂಡಲ್ಸ್ ಬಸಿದ ಕೈ ಅದು! ‘ಅಯ್ಯೋ ಅಯ್ಯೋ, ಬಸಿದದ್ದನ್ನ ಚೆಲ್ಲಬ್ಯಾಡ, ಸಾರೇ ಅದರಲ್ಲಿರೋದು!’ ಎಂದು ಅಮ್ಮ ಕೂತಲ್ಲಿಂದಲೇ ಕೂಗಿದರು.

ಆ ಕೂಗು ಕೇಳಿ ನನಗೆ ಬೆಳಗಿನ ಜಾವದ ಬಕೆಟ್ಟು ನೆನಪಾಯಿತು. ಬೇಯಿಸಿದ ನೀರು ಸಾರಾಗುವುದು, ಅನ್ನದ ಗಂಜಿ ಬಟ್ಟೆಗೋ ದನಕ್ಕೋ ಆಗುವುದು, ಮಿಂದ ನೀರು ಬಾಳೆಗೆ ಹೋಗುವುದು, ಬಾಳೆಯ ಎಲೆ ಊಟಕ್ಕೆ, ಉಂಡ ಎಲೆ ಗೊಬ್ಬರದ ಗುಂಡಿಗೆ. ಇವೆಲ್ಲ ಒಂದೇ ಬುದ್ಧಿ. ಅದಕ್ಕೆ ನಾವು ಈಗ ದೊಡ್ಡ ದೊಡ್ಡ ಹೆಸರು ಕೊಟ್ಟು ಸಮ್ಮೇಳನ ಮಾಡುತ್ತೇವೆ. ಅಮ್ಮನಿಗೆ ಅದು ಬರೀ ‘ಚೆಲ್ಲಬ್ಯಾಡ’.

ಹಾಗೆಂದು ಹಿಂದಿನದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಮೈಲಿ ದೂರದಿಂದ ನೀರು ಹೊತ್ತ ಹೆಂಗಸರಿಗೆ ಅದನ್ನು ಚೆಲ್ಲಲು ಮನಸ್ಸಾಗದೆ ಹುಟ್ಟಿದ ಬುದ್ಧಿ ಇದು. ಆ ಹೊರೆ ಹಿಂತಿರುಗುವುದು ಬೇಡ. ಕೊಳಾಯಿ ಇರಲಿ, ಕೊಳಾಯಿ ಬಂದ ಮೇಲೂ ಆ ಬುದ್ಧಿ ಉಳಿಯಬಹುದಲ್ಲ ಎಂಬುದಷ್ಟೇ ನನ್ನ ಮಾತು. ಮುದುಕಿಯೊಬ್ಬರು ಕತ್ತಲಲ್ಲಿ ಬಕೆಟ್ ಹೊರಬೇಕಾಗಿದ್ದು ನಮ್ಮ ಮನೆಯ ತಪ್ಪು. ಅರ್ಧ ದಿನದ ಕೊಳಾಯಿ ಕೆಲಸವನ್ನು ಹತ್ತು ವರ್ಷ ಮುಂದೂಡಿದ ತಪ್ಪು.

ಇನ್ನೂ ಒಂದು ತಪ್ಪನ್ನು ಮಳೆಯೇ ಎತ್ತಿ ತೋರಿಸಿತು. 2024ರ ಜೂನ್ 2ರಂದು ಒಂದೇ ದಿನ ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಸುರಿಯಿತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ನಮ್ಮ ತಾರಸಿ ಸುಮಾರು 70 ಚದರ ಮೀಟರ್. ಆ ಒಂದು ಸಂಜೆ ಏಳು ಸಾವಿರ ಲೀಟರಿಗೂ ಹೆಚ್ಚು ನೀರು ನಮ್ಮ ತಲೆಯ ಮೇಲಿಂದಲೇ ಬೀದಿಗೆ ಹರಿದುಹೋಯಿತು. ಟ್ಯಾಂಕರಿನವನಿಗೆ ಗೋಗರೆದದ್ದು ಇಷ್ಟಕ್ಕೇ ಅಲ್ಲವೇ? ಇಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 970 ಮಿಲಿಮೀಟರಿನಷ್ಟು. ಅಷ್ಟೇ ತಾರಸಿಗೆ ಅರವತ್ತು ಸಾವಿರ ಲೀಟರಿಗೂ ಮಿಗಿಲು. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ವಿಜಯನಗರದಲ್ಲಿ 1995ರಲ್ಲಿ ಕಟ್ಟಿದ ಮನೆಗೆ ಕಾವೇರಿಯ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲಿ ಸಂಸಾರ ನಡೆಸಿ ತೋರಿಸಿದರು. ಅದನ್ನು ಪತ್ರಿಕೆಯಲ್ಲಿ ಓದಿ ‘ಭೇಷ್’ ಎಂದು ಪುಟ ಮಡಿಸಿಟ್ಟವರಲ್ಲಿ ನಾನೂ ಒಬ್ಬಳು. ಈಗ ನಮ್ಮ ತಾರಸಿಯ ಪೈಪು ಸೋಸುವ ಡ್ರಮ್ಮಿನ ಮೂಲಕ ಸಂಪಿಗೆ ಇಳಿಯುತ್ತದೆ. ಸಂಪು ತುಂಬಿ ಉಕ್ಕಿದ್ದು ಇಂಗುಗುಂಡಿಗೆ.

ಹುಲ್ಲುಹಾಸು ಸತ್ತ ಜಾಗದಲ್ಲಿ ಮಗಳು ದಂಟು, ಕೀರೆಯ ಬೀಜ ಎರಚಿದ್ದಳು. ಅದರ ನಡುವೆ ಯಾರೂ ಬಿತ್ತದ ಗಣಿಕೆ ಗಿಡಗಳೂ ಎದ್ದವು, ಹಕ್ಕಿಗಳ ಕೊಡುಗೆ. ಕಳೆಯೆಂದು ನಾನು ಕೀಳಲು ಹೋದೆ, ಅಮ್ಮ ತಡೆದರು.

ಬಸಳೆಯ ಕತೆ ಹೇಳದಿದ್ದರೆ ತಪ್ಪಾದೀತು. ಅದು ಆ ಬೇಸಿಗೆಯಲ್ಲಿ ಮುಕ್ಕಾಲುಪಾಲು ಒಣಗಿತು. ಪೈಪಿನ ನೀರು ಬರುವ ಹೊತ್ತಿಗೆ ತಡವಾಗಿತ್ತು. ಬುಡದಲ್ಲಿ ಒಂದು ಗೇಣು ಕಾಂಡ ಮಾತ್ರ ಹಸಿರಿತ್ತು, ಅಮ್ಮ ಬಕೆಟ್ ಹೊತ್ತ ನಾಲ್ಕೈದು ದಿನಗಳ ನೀರು ಅಷ್ಟನ್ನು ಉಳಿಸಿತ್ತು. ಮೇ ತಿಂಗಳ ಮಳೆಗೆ ಅದೇ ಚಿಗುರಿ, ಶ್ರಾವಣದ ಹೊತ್ತಿಗೆ ಗೋಡೆಯ ಅರ್ಧ ಹಬ್ಬಿತು. ಪಕ್ಕದ ಮನೆಯವರು ಬಂದು ಒಂದು ಬಳ್ಳಿ ಕೇಳಿದರು. ಅಮ್ಮ ಗೇಣುದ್ದ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೊಡುವಾಗ ಕೇಳಿದರು:

‘ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಯ್ತದಮ್ಮ?’